ಹಗುರದ್ದೋ, ಜೋರಿನದ್ದೋ: ಯಾವ ಲ್ಯಾಪ್‌ಟಾಪ್ ತಗೋಬೇಕು?

ಬ್ರೌಸರ್, ಎಕ್ಸೆಲ್, ಆನ್‌ಲೈನ್ ಕ್ಲಾಸ್ ಇಷ್ಟೇ ನಿಮ್ಮ ಕೆಲಸವಾದರೆ ಹಗುರದ್ದೇ ಸಾಕು. 1.3 ಕೆಜಿ ಆಸುಪಾಸಿನ ಮಷೀನು, 65 ವ್ಯಾಟಿನ ಸಣ್ಣ ಚಾರ್ಜರು. ಬಾಗಲಕೋಟೆಯಿಂದ ವಿಜಯಪುರಕ್ಕೆ ದಿನಾ ಬಸ್ಸಿನಲ್ಲಿ ಓಡಾಡುವವರ ಹೆಗಲಿಗೆ ಭಾರವೇ ಅಲ್ಲ. ಜೋರಿನದ್ದು, ಅಂದರೆ ಗೇಮಿಂಗ್ ಲ್ಯಾಪ್‌ಟಾಪ್ ಸಾಮಾನ್ಯವಾಗಿ 2 ಕೆಜಿ ದಾಟುತ್ತದೆ. ಇಟ್ಟಿಗೆಯಂಥ ಚಾರ್ಜರು ಬೇರೆ.

ನಮ್ಮ ಕಡೆ ಬಿಸಿಲಿನ ಲೆಕ್ಕವನ್ನೂ ಹಾಕಬೇಕು. ವಿಜಯಪುರದ ಮೇ ತಿಂಗಳಲ್ಲಿ ಹೊರಗೆ 40 ಡಿಗ್ರಿ, ಏಸಿ ಇಲ್ಲದ ಕೋಣೆಯಲ್ಲಿ ಚಿತ್ರ, ವಿಡಿಯೋ ಮೂಡಿಸುವ ಗ್ರಾಫಿಕ್ಸ್ ಕಾರ್ಡ್ ಕೆಲಸಕ್ಕೆ ಇಳಿದರೆ ಫ್ಯಾನ್ ಹುಯ್ಯೋ ಅನ್ನುತ್ತದೆ. ಕಾವು ಮಿತಿ ಮೀರಿದರೆ ಚಿಪ್ ತಾನಾಗಿಯೇ ವೇಗ ಇಳಿಸುತ್ತದೆ. ದುಡ್ಡು ಕೊಟ್ಟು ತಂದ ಜೋರು ಆಗ ಪೂರ್ತಿ ಸಿಗುವುದಿಲ್ಲ. ಕರೆಂಟ್ ಹೋದಾಗಲೂ ಅಷ್ಟೇ, ಭಾರೀ ಕೆಲಸಕ್ಕೆ ಬ್ಯಾಟರಿ ಬೇಗ ಕೈಕೊಡುತ್ತದೆ.

ಹಾಗಂತ ವಿಡಿಯೋ ಎಡಿಟಿಂಗ್ ಮಾಡುವವರು, ಬೆಳಗಾವಿಯಲ್ಲಿ ಇಂಜಿನಿಯರಿಂಗ್ ಓದುತ್ತ ತ್ರೀಡಿ ಡಿಸೈನ್ ಮಾಡುವ ಹುಡುಗರು ಹಗುರದ್ದು ತಗೊಂಡು ಪರದಾಡಬೇಡಿ. ದೊಡ್ಡದರಲ್ಲಿ ರ‍್ಯಾಮ್ (ಕೆಲಸ ನಡೆಯುವಾಗ ಬಳಸುವ ಮೆಮೊರಿ) ಸಾಮಾನ್ಯವಾಗಿ ಆಮೇಲೂ ಹಾಕಿಸಬಹುದು. ತೆಳು ಮಾದರಿಗಳಲ್ಲಿ ಅದು ಬಹಳ ಸಲ ಬೋರ್ಡಿಗೇ ಬೆಸೆದಿರುತ್ತದೆ. ಅಂಥದ್ದಾದರೆ ಅಂಗಡಿಯಲ್ಲೇ 16 ಜಿಬಿ ಕೇಳಿ, 8ಕ್ಕೆ ಒಪ್ಪಬೇಡಿ.