ಇಳಕಲ್ ಸೆರಗಿಗೆ ಗಿಂಪ್ ಬ್ರಷ್: ದಡಿಗೆ ಸೈ, ಮೂಲೆಗೆ ಬ್ಯಾಡ

ಬಾಗಲಕೋಟೆ, ಇಳಕಲ್, ಗುಳೇದಗುಡ್ಡದ ಕಡೆ ಲಗ್ನಪತ್ರಿಕೆ ಮಾಡುವವರಿಗೂ ಫ್ಲೆಕ್ಸ್ ಅಂಗಡಿಯವರಿಗೂ ಸೀರೆ-ಖಣದ ಕೆಲಸ ತಪ್ಪಿದ್ದಲ್ಲ. ಪ್ರತಿ ಸಲ ಅದೇ ತೋಪತೆನಿ (ಸೆರಗಿನ ತೆನೆಯಂಥ ನಮೂನೆ), ಅದೇ ಹಣಿಗಿ (ಬಾಚಣಿಗೆ ಹಲ್ಲಿನಂಥ ನಮೂನೆ) ಸಾಲನ್ನು ಕಾಪಿ-ಪೇಸ್ಟ್ ಮಾಡಿ ಜೋಡಿಸುತ್ತ ಕೂಡುವುದಕ್ಕಿಂತ ಒಮ್ಮೆ ಬ್ರಷ್ (ಎಳೆದಂತೆಲ್ಲ ನಮೂನೆ ಮೂಡಿಸುವ ಅಚ್ಚು) ಮಾಡಿಟ್ಟುಕೊಳ್ಳುವುದು ಲೇಸು. ಈ ಕೆಲಸಕ್ಕೆ ಗಿಂಪ್ ಎಂಬ ಚಿತ್ರ ತಿದ್ದುವ ಸಾಫ್ಟ್‌ವೇರ್ ನೆಟ್ಟಗಿನ ದಡಿ ಎಳೆಯುವ ಮಟ್ಟಿಗೆ ಬಹಳ ಚಲೋ. ಪುಕ್ಕಟೆಯಾಗಿ ಸಿಗುತ್ತದೆಂದು ಹೊಗಳುವ ಮಾತಲ್ಲ ಇದು. ಫೋಟೊಶಾಪ್‌ನ ಬ್ರಷ್ ಬರೀ ಕಪ್ಪು-ಬಿಳುಪಿನ ಅಚ್ಚು, ಅದು ಬಣ್ಣವನ್ನು ತನ್ನೊಳಗೆ ಇಟ್ಟುಕೊಳ್ಳುವುದಿಲ್ಲ. ಗಿಂಪ್‌ನಲ್ಲಿ ಬಣ್ಣ ಬದಲಾಗುವ ಬ್ರಷ್ಷೂ ಆಗುತ್ತದೆ, ಬಣ್ಣ ಕೂಡಿದ ಬ್ರಷ್ಷೂ ಆಗುತ್ತದೆ.

ಹೆಚ್ಚಿನವರು ಎಡವುವುದು ಬ್ರಷ್ ಮಾಡುವಾಗಲ್ಲ, ಅದಕ್ಕೂ ಮೊದಲು ಫೋಟೊ ಹಸನು ಮಾಡುವಾಗ. ಸೆರಗನ್ನು ನೆಲಕ್ಕೆ ಹಾಸಿ, ಹಗಲು ಬೆಳಕಿನಲ್ಲಿ ನೇರ ಮೇಲಿಂದ ಫೋಟೊ ತೆಗೆದಿರಬೇಕು. ಸ್ವಲ್ಪ ಓರೆಯಾಗಿದ್ದರೆ ಪರ್ಸ್‌ಪೆಕ್ಟಿವ್ ಟೂಲಿನಲ್ಲಿ ಸರಿಮಾಡಬಹುದು. ಇಳಕಲ್ ಸೆರಗು ಅಂದರೆ ಕೆಂಪಿನ ಮೇಲೆ ಬಿಳಿ. ಫೋಟೊದ ಕೆಂಪು ಚಾನೆಲ್‌ನಲ್ಲಿ (ಅಂದರೆ ಕೆಂಪು ಬೆಳಕಿನ ಪ್ರಮಾಣವನ್ನಷ್ಟೇ ತೋರಿಸುವ ಪದರದಲ್ಲಿ) ನೋಡಿದರೆ ಕೆಂಪು ರೇಷ್ಮೆಯೂ ಬಿಳಿಯೂ ಎರಡೂ ಬೆಳ್ಳಗೇ ಕಾಣುತ್ತವೆ, ತೆನಿ ಮಾಯ. ಆದ್ದರಿಂದ ಕಲರ್ಸ್ ಮೆನುವಿನ ಎಕ್ಸ್‌ಟ್ರ್ಯಾಕ್ಟ್ ಕಾಂಪೊನೆಂಟ್‌ನಲ್ಲಿ ಹಸಿರು ಅಥವಾ ನೀಲಿ ಚಾನೆಲ್ ತೆಗೆದುಕೊಳ್ಳಿ. ಅಲ್ಲಿ ಕೆಂಪು ಕಪ್ಪಗಾಗಿ ತೆನಿ ಎದ್ದು ನಿಲ್ಲುತ್ತದೆ. ನೂಲಿನ ಎಳೆ ಕಾಣದಂತೆ 1ರಿಂದ 1.5 ಪಿಕ್ಸೆಲ್ ಗಾಸಿಯನ್ ಬ್ಲರ್ (ಮಸುಕು) ಕೊಟ್ಟು, ಆಮೇಲೆ ಚಿತ್ರವನ್ನು ಬರೀ ಕಪ್ಪು-ಬಿಳಿ ಮಾಡುವ ಥ್ರೆಶೋಲ್ಡ್ ಹಾಕಿ. ಬ್ಲರ್ ಬಿಟ್ಟರೆ ತೆನಿಯ ಅಂಚಿನ ತುಂಬ ಹುಳ ತಿಂದಂಥ ಚುಕ್ಕಿ ಉಳಿಯುತ್ತವೆ.

ಇಷ್ಟು ಮಾಡಿದರೂ ತೆನಿ ಬಿಳಿಯಾಗೇ ಇರುತ್ತದೆ. ಗಿಂಪ್ ಬ್ರಷ್‌ನಲ್ಲಿ ಕಪ್ಪು ಇದ್ದಲ್ಲಿ ಬಣ್ಣ ಬೀಳುತ್ತದೆ, ಬಿಳಿ ಇದ್ದಲ್ಲಿ ಏನೂ ಬೀಳುವುದಿಲ್ಲ. ಹಾಗೇ ಬ್ರಷ್ ಮಾಡಿದರೆ ತೆನಿಯ ಬದಲು ಸುತ್ತಲಿನ ನೆಲ ಮೂಡುತ್ತದೆ. ಅದಕ್ಕೆ ಕಲರ್ಸ್ ಮೆನುವಿನ ಇನ್ವರ್ಟ್ ಒಂದೇ ಒತ್ತು: ಕಪ್ಪು ಬಿಳಿಯಾಗಿ, ಬಿಳಿ ಕಪ್ಪಾಗುತ್ತದೆ. ಮೂಲ ಚಿತ್ರವನ್ನು ಬೇಕಾದ ಅಳತೆಗಿಂತ ನಾಲ್ಕು ಪಟ್ಟು ದೊಡ್ಡದಾಗಿ ಇಟ್ಟುಕೊಂಡು, ಥ್ರೆಶೋಲ್ಡ್ ಆದ ಮೇಲೆ ಕಿರಿದು ಮಾಡಿದರೆ ಅಂಚು ನುಣುಪಾಗುತ್ತದೆ.

ಮುಂದಿನದು ಸಲೀಸು. ಇಮೇಜ್ ಮೋಡ್ ಗ್ರೇಸ್ಕೇಲ್ (ಬೂದು ಛಾಯೆ) ಮಾಡಿ, ಪಾರದರ್ಶಕತೆ ಹಿಡಿದಿಡುವ ಆಲ್ಫಾ ಚಾನೆಲ್ ತೆಗೆದುಹಾಕಿ, ಗಿಂಪ್‌ನ ಬ್ರಷ್ ಫೈಲಾದ ಜಿಬಿಆರ್ ಆಗಿ ಎಕ್ಸ್‌ಪೋರ್ಟ್ ಮಾಡಿ, ಬ್ರಷಸ್ ಫೋಲ್ಡರಿನಲ್ಲಿ ಇಟ್ಟು ರಿಫ್ರೆಶ್ ಒತ್ತಿ. ಆಲ್ಫಾ ತೆಗೆಯಲು ಮರೆಯಬೇಡಿ. ಹೀಗೆ ಮಾಡಿದ ಬ್ರಷ್ ಮುಂಭಾಗದ ಬಣ್ಣ ಹಿಡಿಯುತ್ತದೆ: ದಾಳಿಂಬೆ ಕೆಂಪು, ಗಿಳಿ ಹಸಿರು, ಯಾವುದಾದರೂ ಸರಿ, ಒಂದೇ ಬ್ರಷ್ ಸಾಕು. ಬಣ್ಣ ಸಮೇತ ಬೇಕೆಂದರೆ ಆರ್‌ಜಿಬಿಯಲ್ಲೇ, ಪಾರದರ್ಶಕ ಹಿನ್ನೆಲೆಯೊಂದಿಗೆ ಉಳಿಸಬೇಕು.

ಎಕ್ಸ್‌ಪೋರ್ಟ್ ಕಿಟಕಿಯಲ್ಲಿ ಕೇಳುವ ಸ್ಪೇಸಿಂಗ್ (ಒಂದು ಅಚ್ಚಿನಿಂದ ಮುಂದಿನದಕ್ಕಿರುವ ದೂರ) ಅಂಕಿಯೇ ಇಡೀ ಆಟ. ಅದು ಬ್ರಷ್ ಅಗಲದ ಶೇಕಡಾ ಲೆಕ್ಕ. ಗಿಂಪ್ ತಾನಾಗಿ ಕೊಡುವ ಸಣ್ಣ ಅಂಕಿಯನ್ನು ಹಾಗೇ ಬಿಟ್ಟರೆ ಅಚ್ಚುಗಳು ಒಂದರ ಮೇಲೊಂದು ಬಿದ್ದು ದಡಿ ಬರೀ ಮಸಿ ಪಟ್ಟಿಯಾಗುತ್ತದೆ. 100 ಕೊಟ್ಟರೆ ಅಂಚಿಗೆ ಅಂಚು ತಾಗಿ ಕೂಡುತ್ತದೆ. ಹಣಿಗಿಗೆ 12 ಪಿಕ್ಸೆಲ್ ಕಪ್ಪು ಹಲ್ಲು, 12 ಪಿಕ್ಸೆಲ್ ಬಿಳಿ ಜಾಗ ಸೇರಿ 24 ಅಗಲದ ಚಿತ್ರ, ಸ್ಪೇಸಿಂಗ್ 100. ಸಂದಿನ ಬಿಳಿ ಜಾಗವನ್ನು ಬ್ರಷ್‌ನೊಳಗೇ ಇಡುವುದು ವಾಸಿ, ಸ್ಪೇಸಿಂಗ್ 200 ಎಂದು ಕೊಟ್ಟು ಸಂದು ತರುವುದಕ್ಕಿಂತ ಲೆಕ್ಕ ಸರಳ.

ಲೆಕ್ಕ ಅಂದಮೇಲೆ ಇದನ್ನೂ ನೋಡಿ. 300 ಡಿಪಿಐಯಲ್ಲಿ (ಇಂಚಿಗೆ 300 ಪಿಕ್ಸೆಲ್) 8 ಇಂಚಿನ ದಡಿ ಅಂದರೆ 2400 ಪಿಕ್ಸೆಲ್. ತೆನಿ 150 ಅಗಲವಿದ್ದರೆ ಸರಿಯಾಗಿ 16 ಬೀಳುತ್ತವೆ. 170 ಇದ್ದರೆ 14 ಬಿದ್ದು ಕೊನೆಗೆ 20 ಪಿಕ್ಸೆಲ್ ಬೋಳು ಉಳಿಯುತ್ತದೆ. ಕ್ಲಿಕ್ ಮಾಡಿದ ಜಾಗಕ್ಕೆ ಬ್ರಷ್‌ನ ನಡು ಬರುವುದರಿಂದ ಮೊದಲ ಗೈಡ್ ಗೆರೆ (ಜಾಗ ಗುರುತಿಸಲು ಇಡುವ ಗೆರೆ) 0ಗೆ ಅಲ್ಲ, 75ಕ್ಕೆ. ಕೊನೆಯದು 2325ಕ್ಕೆ ಬರಬೇಕು, ಆದರೆ ಗೈಡನ್ನು 2330ಕ್ಕೆ ಇಡಿ. ಕರಾರುವಾಕ್ಕಾಗಿ ಇಟ್ಟರೆ ಒಮ್ಮೊಮ್ಮೆ ಕೊನೆಯ ತೆನಿ ಬೀಳುವುದಿಲ್ಲ. ಮೊದಲ ಗೈಡಿನ ಮೇಲೆ ಕ್ಲಿಕ್, ಶಿಫ್ಟ್ ಹಿಡಿದು ಎರಡನೆಯದರ ಮೇಲೆ ಕ್ಲಿಕ್, ಅಷ್ಟೇ. ಅದಕ್ಕೂ ಮುಂಚೆ ಡೈನಮಿಕ್ಸ್ (ಎಳೆಯುವಾಗ ಬ್ರಷ್‌ನ ಗಾತ್ರ, ದಿಕ್ಕು ಮುಂತಾದವನ್ನು ತಾನಾಗಿ ಬದಲಿಸುವ ಸೌಲಭ್ಯ) ಆಫ್ ಇದೆಯೋ ನೋಡಿಕೊಳ್ಳಿ, ಸೈಜ್ ಪಟ್ಟಿಯ ಮಗ್ಗುಲಿನ ರೀಸೆಟ್ ಗುಂಡಿ ಒತ್ತಿ. ಸೈಜಿನಲ್ಲಿ ಹಿಂದಿನ ಬ್ರಷ್‌ನ ಅಂಕಿ ಉಳಿದಿದ್ದರೆ 150ರ ತೆನಿ ಕುಗ್ಗಿ ಮಬ್ಬಾಗಿ, ಮೇಲಿನ ಲೆಕ್ಕವೆಲ್ಲ ನೀರಪಾಲು. ಹಣಿಗಿಯಂಥ ಚೂಪು ಅಂಚಿಗೆ, ಕಸೂತಿಯ ಎಳೆ ಲೆಕ್ಕದ ಚಿತ್ರಕ್ಕೆ ಪೇಂಟ್‌ಬ್ರಷ್‌ಗಿಂತ ಪೆನ್ಸಿಲ್ ಟೂಲ್ ಮೇಲು.

ಎರಡು ನಮೂನೆ ಒಂದಾದ ಮೇಲೊಂದು ಬರಬೇಕೆಂದರೆ ಜಿಐಎಚ್, ಅಂದರೆ ಹಲವು ನಮೂನೆ ಕೂಡಿದ ಬ್ರಷ್ ಫೈಲು. ಒಂದೊಂದು ಲೇಯರಿಗೆ ಒಂದೊಂದು ನಮೂನೆ, ಎಲ್ಲದರ ಅಳತೆಯೂ ಒಂದೇ, ಆಯ್ಕೆ ಇನ್‌ಕ್ರಿಮೆಂಟಲ್ (ಸರದಿಯಂತೆ). ರ‍್ಯಾಂಕ್ ಅಂಕಿ 1 ಇದ್ದರೆ ಮೊದಲ ನಮೂನೆಯೇ ಸಾಲುಗಟ್ಟುತ್ತದೆ, ಲೇಯರ್ ಎಷ್ಟೋ ಅಷ್ಟು ಇರಬೇಕು. ಖಣದ ಸಣ್ಣ ನಮೂನೆಗಳಿಗೆ ಇದು ಹೇಳಿ ಮಾಡಿಸಿದ್ದು. ಈ ಸೌಲಭ್ಯವೊಂದಕ್ಕೇ ಗಿಂಪ್ ಹಾಕಿಕೊಂಡರೂ ನಷ್ಟವಿಲ್ಲ.

ಕೊರತೆ ಕಾಣುವುದು ಮೂಲೆಯಲ್ಲಿ. ಟ್ರ್ಯಾಕ್ ಡೈರೆಕ್ಷನ್ ಎಂಬ ಡೈನಮಿಕ್ಸ್ ಹಾಕಿದರೆ ಬ್ರಷ್ ಗೆರೆಯ ದಿಕ್ಕಿಗೆ ತಿರುಗುತ್ತದೆ. ದುಂಡನೆಯ ತಿರುವಿಗೆ ಅದು ಒಪ್ಪುತ್ತದೆ, 90 ಡಿಗ್ರಿ ಮೂಲೆಗೆ ಒಪ್ಪುವುದಿಲ್ಲ. ಮೂಲೆಯ ಹೂವನ್ನು ಬೇರೆ ಬ್ರಷ್ ಮಾಡಿ, ನಾಲ್ಕೂ ದಡಿ ಅದರ ಅಂಚಿಗೆ ನಿಲ್ಲುವಂತೆ ಎಳೆಯಿರಿ. ಫೋಟೊಶಾಪ್‌ನ ಬ್ರಷ್ ಫೈಲಾದ ಎಬಿಆರ್ ಅನ್ನೂ ಗಿಂಪ್ ತೆರೆಯುತ್ತದೆ, ಆದರೆ ಅಚ್ಚು ಮಾತ್ರ ಬರುತ್ತದೆ. ಸ್ಕ್ಯಾಟರ್ (ಚದುರಿಕೆ), ಟೆಕ್ಸ್ಚರ್‌ನಂಥ ಸೆಟ್ಟಿಂಗ್ ಅಲ್ಲೇ ಉಳಿಯುತ್ತವೆ. ಇನ್ನು ದೊಡ್ಡ ಫ್ಲೆಕ್ಸಿಗೆ 150 ಪಿಕ್ಸೆಲ್ ಬ್ರಷ್ ಹಿಗ್ಗಿಸಿದರೆ ಒಡೆದು ಕಾಣುವುದು ಖಂಡಿತ. ಆ ಕೆಲಸ ಕೋರೆಲ್‌ಡ್ರಾದ ವೆಕ್ಟರ್‌ಗೇ (ಎಷ್ಟು ಹಿಗ್ಗಿಸಿದರೂ ಒಡೆಯದ ಗೆರೆ ಚಿತ್ರಕ್ಕೇ) ಬಿಡಿ.

ಬ್ರಷ್ ಫೋಲ್ಡರ್ ವಿಂಡೋಸ್‌ನಲ್ಲಿ ಸಿ ಡ್ರೈವ್‌ನ ಆ್ಯಪ್‌ಡೇಟಾ ಒಳಗೆ ಅಡಗಿರುತ್ತದೆ. ಅಂಗಡಿಯ ಕಂಪ್ಯೂಟರ್ ಫಾರ್ಮ್ಯಾಟ್ ಮಾಡಿಸಿದ ದಿನ ಎಲ್ಲ ಹೋಗುತ್ತದೆ. ಪ್ರಿಫರೆನ್ಸಸ್, ಫೋಲ್ಡರ್ಸ್, ಬ್ರಷಸ್‌ಗೆ ಹೋಗಿ ಡಿ ಡ್ರೈವ್‌ನ ಒಂದು ಫೋಲ್ಡರ್ ಸೇರಿಸಿ, ಜಿಬಿಆರ್ ಜೊತೆಗೆ ಎಕ್ಸ್‌ಸಿಎಫ್ ಎಂಬ ಗಿಂಪ್‌ನ ಮೂಲ ಫೈಲನ್ನೂ ಅಲ್ಲೇ ಇಡಿ.