ಉತ್ತರ ಪತ್ರಿಕೆಯ ಸ್ಕ್ಯಾನ್ ಪ್ರತಿ: ಕಟ್ಟಿದ ದುಡ್ಡಿಗೆ ಸಿಗುವುದೇನು?

ಎಸ್‌ಎಸ್‌ಎಲ್‌ಸಿ ಫಲಿತಾಂಶ ಬಂದ ದಿನ ತುಮಕೂರಿನ ಟೌನ್‌ಹಾಲ್ ಸುತ್ತಮುತ್ತಲ ಸೈಬರ್ ಸೆಂಟರುಗಳಲ್ಲಿ ಕೇಳಿಬರುವುದು ಒಂದೇ ಮಾತು: ‘ರೀವ್ಯಾಲ್ಯುಯೇಷನ್‌ಗೆ ಹಾಕ್ಬಿಡಿ ಸಾರ್.’ ಹಾಗೆ ನೇರವಾಗಿ ಹಾಕಲು ಬರುವುದಿಲ್ಲ. ಮೊದಲು ಆ ವಿಷಯದ ಉತ್ತರ ಪತ್ರಿಕೆಯ ಸ್ಕ್ಯಾನ್ ಪ್ರತಿಗೆ ದುಡ್ಡು ಕಟ್ಟಬೇಕು. ಪ್ರತಿ ತರಿಸಿಕೊಂಡವರಿಗಷ್ಟೇ ಮರುಎಣಿಕೆ, ಮರುಮೌಲ್ಯಮಾಪನದ ಬಾಗಿಲು ತೆರೆಯುತ್ತದೆ. ಹೆಚ್ಚಿನವರು ಈ ಸ್ಕ್ಯಾನ್ ಪ್ರತಿಯನ್ನು ದಾಟಿಹೋಗಬೇಕಾದ ಟೋಲ್‌ಗೇಟಿನ ಹಾಗೆ ನೋಡುತ್ತಾರೆ. ಕರ್ನಾಟಕ ಶಾಲಾ ಪರೀಕ್ಷೆ ಮತ್ತು ಮೌಲ್ಯನಿರ್ಣಯ ಮಂಡಳಿ ಮಾರುವ ಸೇವೆಗಳಲ್ಲಿ ನಿಜಕ್ಕೂ ಬೆಲೆಬಾಳುವುದು ಇದೊಂದೇ. ಅಂಕ ಹೆಚ್ಚಿಸಿಕೊಳ್ಳುವುದಕ್ಕಲ್ಲ, ಮಗು ಎಲ್ಲಿ ಎಡವಿತು ಅಂತ ಕಣ್ಣಾರೆ ಕಾಣುವುದಕ್ಕೆ.

ಬೆಲೆಯ ವಿಷಯ ಮೊದಲು. ದ್ವಿತೀಯ ಪಿಯುಸಿಯಲ್ಲಿ ಈಚಿನ ವರ್ಷಗಳ ದರ ಒಂದು ವಿಷಯದ ಸ್ಕ್ಯಾನ್ ಪ್ರತಿಗೆ 530 ರೂಪಾಯಿ, ಮರುಮೌಲ್ಯಮಾಪನಕ್ಕೆ 1,670 ರೂಪಾಯಿ, ಮರುಎಣಿಕೆಗೆ ದುಡ್ಡಿಲ್ಲ. ಎಸ್‌ಎಸ್‌ಎಲ್‌ಸಿಗೆ ಇದಕ್ಕಿಂತ ಕಡಿಮೆ. ಆದರೂ ಆರು ವಿಷಯಕ್ಕೆ ಆರೂ ತರಿಸಿದರೆ ಕೂಲಿ ಮಾಡುವ ಮನೆಗೆ ಅದು ಸಣ್ಣ ಮೊತ್ತವಲ್ಲ, ತರಿಸುವ ಅಗತ್ಯವೂ ಇಲ್ಲ. ಫೇಲಾದ ವಿಷಯಗಳಲ್ಲಿ ಪಾಸಿಗೆ ಹತ್ತಿರವಿರುವ ಒಂದನ್ನೋ ಎರಡನ್ನೋ ತರಿಸಿ. 80ಕ್ಕೆ 6 ಬಂದ ವಿಷಯದ ಪ್ರತಿ ಹೊಸದೇನನ್ನೂ ಹೇಳುವುದಿಲ್ಲ, ಅಲ್ಲಿ ಖಾಲಿ ಹಾಳೆಗಳೇ ಇರುತ್ತವೆ. 80ಕ್ಕೆ 20 ಬಂದದ್ದು ಮಾತಾಡುತ್ತದೆ.

ಅರ್ಜಿ ಮಂಡಳಿಯ ಜಾಲತಾಣದಲ್ಲಿ. ನೋಂದಣಿ ಸಂಖ್ಯೆ ಹಾಕಿ, ವಿಷಯ ಟಿಕ್ ಮಾಡಿ, ಮೊಬೈಲ್ ನಂಬರು ಕೊಟ್ಟು ದುಡ್ಡು ಕಟ್ಟುವುದು. ಕೆಲಸ ಕೆಡುವುದು ಆ ಮೊಬೈಲ್ ನಂಬರಿನಲ್ಲಿ. ಅವಸರದಲ್ಲಿ ಸೈಬರಿನವರು ತಮ್ಮದೇ ನಂಬರು ಹಾಕಿಬಿಟ್ಟರೆ ಮುಂದಿನ ಸಂದೇಶಗಳೆಲ್ಲ ಅವರಿಗೇ ಹೋಗುತ್ತವೆ, ಮನೆಯವರು ದಿನವೂ ಅಂಗಡಿ ಬಾಗಿಲು ಕಾಯಬೇಕಾಗುತ್ತದೆ. ನಂಬರು ಮನೆಯದೇ ಇರಲಿ, ರೀಚಾರ್ಜ್ ಮುಗಿದಿರದ ಸಿಮ್ಮಿನದಾಗಿರಲಿ. ದುಡ್ಡು ಕಟ್ಟಾಗಿಯೂ ಪುಟ ಮಧ್ಯದಲ್ಲೇ ನಿಂತರೆ ಕೂಡಲೇ ಎರಡನೇ ಸಲ ಕಟ್ಟಬೇಡಿ. ಅರ್ಜಿಯ ಸ್ಥಿತಿ ನೋಡಿ, ಬ್ಯಾಂಕಿನ ಸಂದೇಶದ ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ. ಸ್ವೀಕೃತಿಯ ಪ್ರಿಂಟ್ ಕೈಗೆ ಬರುವ ತನಕ ಅಂಗಡಿ ಬಿಟ್ಟು ಏಳಬಾರದು.

ಇಷ್ಟಕ್ಕೆ ಬೆಂಗಳೂರಿನ ಮಲ್ಲೇಶ್ವರದ ಮಂಡಳಿ ಕಚೇರಿಗೆ ಬಸ್ ಹತ್ತುವವರಿದ್ದಾರೆ, ವ್ಯರ್ಥ. ತುಮಕೂರು ಜಿಲ್ಲೆಯಲ್ಲಿ ಇನ್ನೂ ಒಂದು ಗೊಂದಲವಿದೆ: ಕಂದಾಯ ಜಿಲ್ಲೆ ಒಂದಾದರೂ ಶೈಕ್ಷಣಿಕ ಜಿಲ್ಲೆ ಎರಡು. ಮಧುಗಿರಿ, ಶಿರಾ, ಪಾವಗಡ, ಕೊರಟಗೆರೆ ಶಾಲೆಗಳು ಶಿಕ್ಷಣ ಇಲಾಖೆಯ ಮಧುಗಿರಿ ಉಪನಿರ್ದೇಶಕರ ಕಚೇರಿಗೆ ಸೇರುತ್ತವೆ, ಉಳಿದ ಆರು ತಾಲ್ಲೂಕು ತುಮಕೂರಿಗೆ. ಪಾವಗಡದಿಂದ ನೂರು ಕಿಲೋಮೀಟರ್ ಆಸುಪಾಸು ಬಂದು ತುಮಕೂರು ಕಚೇರಿಯ ಮುಂದೆ ನಿಂತರೆ ‘ಮಧುಗಿರಿಗೆ ಹೋಗಿ’ ಅನ್ನುವ ಉತ್ತರವೇ ಸಿಗುವುದು. ಅದಕ್ಕಿಂತ ಮೊದಲು ನೋಡಬೇಕಾದವರು ಓದಿದ ಶಾಲೆಯ ಮುಖ್ಯ ಶಿಕ್ಷಕರು, ಆಮೇಲೆ ತಾಲ್ಲೂಕಿನ ಕ್ಷೇತ್ರ ಶಿಕ್ಷಣಾಧಿಕಾರಿ (ಬಿಇಒ) ಕಚೇರಿ. ಚಿಕ್ಕಬಳ್ಳಾಪುರ, ಕೋಲಾರದವರಿಗೆ ಈ ತಲೆನೋವಿಲ್ಲ.

ಪ್ರತಿ ಬಂದ ಮೇಲಿನ ಕೆಲಸವೇ ಮುಖ್ಯ. ಮೊಬೈಲಿನಲ್ಲಿ ಬೆರಳಾಡಿಸಿ ‘ಎಲ್ಲ ಸರಿಯಾಗೇ ಬರ್ದಿದಾನೆ’ ಅಂತ ತೀರ್ಮಾನಿಸುವುದು ದುಡ್ಡು ದಂಡ. ಹಾಳೆಗೊಂದೇ ಪುಟದಂತೆ ಎ4 ಅಳತೆಯಲ್ಲಿ ಪ್ರಿಂಟ್ ತೆಗೆಸಿ. ಕಾಸು ಉಳಿಸಲು ಹಾಳೆಗೆರಡು ಪುಟ ಹಾಕಿಸಿದರೆ ಪಕ್ಕದಲ್ಲಿ ಬರೆದ ಅಂಕಗಳು ಓದಲು ಬರುವುದಿಲ್ಲ. ಮೌಲ್ಯಮಾಪಕರ ಶಾಯಿ, ಹುಡುಗನ ಶಾಯಿ ಯಾವುದೆಂದು ಅನುಮಾನ ಬಂದರೆ ಕಂಪ್ಯೂಟರ್ ಪರದೆಯ ಮೇಲೆ ಹಿಗ್ಗಿಸಿ ನೋಡಿ. ಪಕ್ಕದಲ್ಲಿ ಅದೇ ಪರೀಕ್ಷೆಯ ಪ್ರಶ್ನೆಪತ್ರಿಕೆ ಮತ್ತು ಮಂಡಳಿ ಪ್ರಕಟಿಸುವ ಕೀ ಉತ್ತರ ಇರಲೇಬೇಕು. ಕೀ ಉತ್ತರವಿಲ್ಲದೆ ಪ್ರತಿ ನೋಡುವುದೆಂದರೆ ತೂಕದ ಕಲ್ಲಿಲ್ಲದೆ ತಕ್ಕಡಿ ಹಿಡಿದ ಹಾಗೆ.

ಒಂದು ಹಾಳೆಯಲ್ಲಿ 1ರಿಂದ 38ರ ತನಕ ಪ್ರಶ್ನೆ ಸಂಖ್ಯೆ ಬರೆದುಕೊಳ್ಳಿ. ಗಣಿತದಲ್ಲಿ ಇರುವುದು ಅಷ್ಟೇ: 8 ಬಹು ಆಯ್ಕೆ, ಒಂದಂಕದ 8, ಎರಡಂಕದ 8, ಮೂರಂಕದ 9, ನಾಲ್ಕಂಕದ 4, ಐದಂಕದ 1, ಒಟ್ಟು 80. ಪ್ರತಿ ಸಂಖ್ಯೆಯ ಮುಂದೆ ಸಿಕ್ಕ ಅಂಕ, ಹೋದ ಅಂಕ, ಹೋದದ್ದಕ್ಕೆ ಕಾರಣ ಬರೆಯಿರಿ. ಕಾರಣ ನಾಲ್ಕರಲ್ಲಿ ಒಂದಾಗಿರುತ್ತದೆ: ಕೂಡಿದ್ದು ತಪ್ಪು, ಬರೆದ ಉತ್ತರ ಮೌಲ್ಯಮಾಪಕರ ಕಣ್ಣಿಗೇ ಬಿದ್ದಿಲ್ಲ, ಹಂತ ಬಿಟ್ಟುಹೋಗಿದೆ, ಪ್ರಶ್ನೆಯನ್ನೇ ಮುಟ್ಟಿಲ್ಲ. ಮೊದಲನೆಯದು ಸಿಕ್ಕರೆ ಮರುಎಣಿಕೆ. ಎರಡನೆಯದು ಸಿಕ್ಕರೆ, ಅಥವಾ ಕೀ ಉತ್ತರಕ್ಕೆ ಸಾಲು ಸಾಲು ಹೊಂದಿದರೂ ಅಂಕ ಬಿದ್ದಿಲ್ಲವೆಂದು ತೋರಿಸಲು ಬಂದರೆ ಮರುಮೌಲ್ಯಮಾಪನ. ಕಣ್ಣಿಗೆ ಬೀಳದ ಉತ್ತರ ಸಾಮಾನ್ಯವಾಗಿ ಎಲ್ಲಿ ಅವಿತಿರುತ್ತದೆಂದರೆ, ಎರಡು ಖಾಲಿ ಪುಟ ಬಿಟ್ಟು ಕೊನೆಯಲ್ಲಿ ಮುಂದುವರಿಸಿದ ಕಡೆ, ಪ್ರಶ್ನೆ ಸಂಖ್ಯೆ ಹಾಕದೆ ಬರೆದ ಕಡೆ. ಹೆಚ್ಚುವರಿ ಹಾಳೆ, ಗ್ರಾಫ್ ಹಾಳೆ ಸ್ಕ್ಯಾನಿನೊಳಗೆ ಬಂದಿವೆಯೇ ಎಂಬುದನ್ನೂ ಎಣಿಸಿ. ಉಳಿದೆರಡು ಕಾರಣಗಳಿಗೆ ಮಂಡಳಿಯಲ್ಲಿ ಮದ್ದಿಲ್ಲ, ಅವು ಪರೀಕ್ಷೆ-2ರ, ಅಂದರೆ ಅದೇ ವರ್ಷ ಮತ್ತೆ ಬರೆಯುವ ಪರೀಕ್ಷೆಯ ಕೆಲಸ.

ಗ್ರಾಫ್ ಲೆಕ್ಕವನ್ನೇ ನೋಡಿ, ನಾಲ್ಕು ಅಂಕ. ಎರಡು ಸಮೀಕರಣ: 2ಎಕ್ಸ್ + ವೈ = 8, ಎಕ್ಸ್ – ವೈ = 1. ಸಾಮಾನ್ಯವಾಗಿ ಎರಡು ಕೋಷ್ಟಕಕ್ಕೆ ಎರಡು ಅಂಕ, ರೇಖೆಗಳಿಗೆ ಒಂದು, ಪರಿಹಾರಕ್ಕೆ ಒಂದು. ಮೊದಲನೆಯದಕ್ಕೆ ಎಕ್ಸ್ 0, 2, 4 ಹಾಕಿದರೆ ವೈ 8, 4, 0. ಎರಡನೆಯದಕ್ಕೆ ಎಕ್ಸ್ 1, 2, 4 ಹಾಕಿದರೆ ವೈ 0, 1, 3. ರೇಖೆಗಳು ಸೇರುವುದು (3, 2)ರಲ್ಲಿ. ಬಹಳ ಹುಡುಗರು ಗೆರೆಗಳನ್ನು ನೀಟಾಗಿ ಎಳೆದು ಅಲ್ಲಿಗೇ ಪೆನ್ಸಿಲ್ ಇಡುತ್ತಾರೆ. ‘ಎಕ್ಸ್ = 3, ವೈ = 2’ ಎಂಬ ಸಾಲು ಇರುವುದಿಲ್ಲ, ಒಂದಂಕ ಹೋಯಿತು. ಕೋಷ್ಟಕವನ್ನು ರಫ್ ಪುಟದಲ್ಲಿ ಮಾಡಿ ಅಡ್ಡಗೆರೆ ಹೊಡೆದಿದ್ದರೆ ಇನ್ನೆರಡೂ ಹೋದವು. ಲೆಕ್ಕ ಪೂರ್ತಿ ಬಂದರೂ ನಾಲ್ಕಕ್ಕೆ ಒಂದು! ಅಂಕಪಟ್ಟಿ ಇದನ್ನು ಯಾವತ್ತೂ ಹೇಳುವುದಿಲ್ಲ, ಸ್ಕ್ಯಾನ್ ಪ್ರತಿ ಹೇಳುತ್ತದೆ.

ಬಹು ಆಯ್ಕೆಯಲ್ಲೂ ಇಂಥದ್ದೇ. ‘ಕ್ರಮಾಕ್ಷರದೊಂದಿಗೆ ಪೂರ್ಣ ಉತ್ತರ ಬರೆಯಿರಿ’ ಅಂತ ಪ್ರಶ್ನೆಪತ್ರಿಕೆಯಲ್ಲೇ ಇರುತ್ತದೆ. ಬರೀ ‘ಬಿ’ ಅಂತ ಬರೆದು ಬಂದವರು, ಅಕ್ಷರ ಒಂದು ಉತ್ತರ ಇನ್ನೊಂದು ಬರೆದವರು, ಎರಡೂ ಬಗೆಯವರು ಪ್ರತಿ ಶಾಲೆಯಲ್ಲೂ ಸಿಗುತ್ತಾರೆ.

ಈ ಸೇವೆಯ ದೊಡ್ಡ ಕೊರತೆ ಸಮಯ. 2025ರಲ್ಲಿ ಎಸ್‌ಎಸ್‌ಎಲ್‌ಸಿ ಪರೀಕ್ಷೆ-1ರ ಫಲಿತಾಂಶ ಮೇ 2ಕ್ಕೆ ಬಂತು, ಪರೀಕ್ಷೆ-2 ಮೇ 26ಕ್ಕೇ ಶುರು. ನಡುವೆ ಮೂರೂವರೆ ವಾರವೂ ಇಲ್ಲ. ಅದರಲ್ಲೇ ಸ್ಕ್ಯಾನ್ ಪ್ರತಿಯ ಅರ್ಜಿ, ಮರುಮೌಲ್ಯಮಾಪನದ ಅರ್ಜಿ, ಪರೀಕ್ಷೆ-2ರ ನೋಂದಣಿ ಒಂದರ ಬೆನ್ನಿಗೊಂದು ಮುಗಿಯಬೇಕು. ‘ರೀವ್ಯಾಲ್ಯುಯೇಷನ್ ಬರ್ಲಿ, ಆಮೇಲೆ ನೋಡೋಣ’ ಅಂದವರು ಕೆಡುವುದು ಇಲ್ಲೇ: ಅದು ಬರುವ ಹೊತ್ತಿಗೆ ನೋಂದಣಿ ಮುಗಿದಿರುತ್ತದೆ. ಆದ್ದರಿಂದ ಫಲಿತಾಂಶದ ಮಾರನೆಯ ದಿನವೇ ಶಾಲೆಗೆ ಹೋಗಿ ಪರೀಕ್ಷೆ-2ಕ್ಕೆ ಹೆಸರು ಹಾಕಿಸಿ, ಸ್ಕ್ಯಾನ್ ಪ್ರತಿಯ ಕೆಲಸ ಅದರ ಪಾಡಿಗೆ ಅದು ನಡೆಯಲಿ.

ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಸಲ ಬರೆಯಬಹುದಾದ, 2024ರಿಂದ ಬಂದ ಈ ಪದ್ಧತಿಗೆ ಮಾತ್ರ ಪೂರ್ತಿ ಅಂಕ ಕೊಡಬಹುದು. ಹಳೆಯ ‘ಸಪ್ಲಿಮೆಂಟರಿ’ ಎಂಬ ಹಣೆಪಟ್ಟಿ ಹೋಯಿತು. ಬರೆದವುಗಳಲ್ಲಿ ಯಾವುದರಲ್ಲಿ ಹೆಚ್ಚು ಅಂಕವೋ ಅದೇ ಉಳಿಯುತ್ತದೆ, ಪರೀಕ್ಷೆ-2ರಲ್ಲಿ ಕಡಿಮೆ ಬಂದರೂ ಮೊದಲಿನದಕ್ಕೆ ಧಕ್ಕೆಯಿಲ್ಲ. ಪಾಸಾದವರೂ ಅಂಕ ಹೆಚ್ಚಿಸಿಕೊಳ್ಳಲು ಬರೆಯಬಹುದು. 2025-26ರಿಂದ ಪಾಸಿನ ಗೆರೆಯೂ ಇಳಿದಿದೆ: ಎಸ್‌ಎಸ್‌ಎಲ್‌ಸಿಗೆ 625ಕ್ಕೆ 206, ಅಂದರೆ ಶೇ 33, ಜತೆಗೆ ಪ್ರತಿ ವಿಷಯದಲ್ಲೂ ಶೇ 30, ಪಿಯುಸಿಗೆ 600ಕ್ಕೆ 198. ಹಳೆಯ ಶೇ 35ರ ಲೆಕ್ಕ ಹಿಡಿದು ಹೆದರಿಸುವ ಟ್ಯುಟೋರಿಯಲ್ ಬೋರ್ಡುಗಳು ಕಂಡರೆ ನಕ್ಕು ಮುಂದೆ ಹೋಗಿ.

ಟ್ಯುಟೋರಿಯಲ್ ಮಾತು ಬಂತಲ್ಲ. ಎಸ್‌ಎಸ್ ಪುರಂ, ಬಿಎಚ್ ರಸ್ತೆ ಕಡೆ ‘ಫೇಲಾದವರಿಗೆ ಕ್ರ್ಯಾಶ್ ಕೋರ್ಸ್, ಪಾಸ್ ಗ್ಯಾರಂಟಿ’ ಪಾಂಪ್ಲೆಟ್ ಹಂಚುವ ಕಾಲ ಇದು. ದುಡ್ಡು ಕಟ್ಟುವ ಮುಂಚೆ ಕೇಳಬೇಕಾದ್ದು ಎರಡೇ: ವಾರಕ್ಕೆ ಎಷ್ಟು ಸಲ ಪೂರ್ತಿ 80 ಅಂಕದ ಪತ್ರಿಕೆ ಬರೆಸುತ್ತೀರಿ, ಬರೆದದ್ದನ್ನು ಕೀ ಉತ್ತರದ ಪ್ರಕಾರ ತಿದ್ದಿ ಯಾವಾಗ ವಾಪಸ್ ಕೊಡುತ್ತೀರಿ? ‘ನೋಟ್ಸ್ ಕೊಡ್ತೀವಿ’ ಅನ್ನುವುದು ಉತ್ತರವಲ್ಲ. ಇನ್ನು ಮಗುವಿನ ಸ್ಕ್ಯಾನ್ ಪ್ರತಿಯನ್ನು ಅವರ ಮುಂದಿಡಿ. ಅದನ್ನು ಬಿಡಿಸಿ ನೋಡದೆ ಬ್ಯಾಚಿನ ಸಮಯ ಹೇಳಲು ಶುರುಮಾಡಿದರೆ ಅಲ್ಲಿಂದ ಎದ್ದು ಬನ್ನಿ. ಸರ್ಕಾರಿ ಶಾಲೆಗಳಲ್ಲಿ ಪರೀಕ್ಷೆ-2ಕ್ಕೆ ಮುಂಚೆ ನಡೆಸುವ ವಿಶೇಷ ತರಗತಿ ಪುಕ್ಕಟೆ, ಮಗುವಿನ ಕೈಬರಹ, ದೌರ್ಬಲ್ಯ ಬಲ್ಲ ಮೇಷ್ಟ್ರೇ ಅಲ್ಲಿರುವುದು. ರಜೆಯಲ್ಲಿ ಕರೆದರೆಂದು ಗೊಣಗುವ ಶಿಕ್ಷಕರೂ ಇರುತ್ತಾರೆ, ಅವರ ಗೊಣಗಿನಲ್ಲೂ ನ್ಯಾಯವಿದೆ. ಆದರೂ ಮೊದಲ ಆಯ್ಕೆ ಅದೇ ಆಗಲಿ.

ಪಾಸಾಗಲು ಬೇಕಾದಷ್ಟನ್ನೇ ಆರಿಸಿ ಶಾಲೆಗಳಲ್ಲಿ ಹಂಚುವ ‘ಪಾಸಿಂಗ್ ಪ್ಯಾಕೇಜ್’ ಪುಸ್ತಿಕೆಗಳನ್ನು ಹೀಯಾಳಿಸುವವರಿದ್ದಾರೆ. ಮೂರು ವಾರದಲ್ಲಿ ಅದಕ್ಕಿಂತ ಒಳ್ಳೆಯ ಸಾಧನ ಇಲ್ಲ. ಗಣಿತದ ಲೆಕ್ಕ ಹಾಕಿ ನೋಡಿ: ಗ್ರಾಫ್ 4, ಥೇಲ್ಸ್ ಪ್ರಮೇಯ 4 ಅಂತಲೇ ಇಟ್ಟುಕೊಳ್ಳಿ, ಸ್ಪರ್ಶಕಗಳು ಸಮ ಎಂಬ ಪ್ರಮೇಯ 3, ಸರಾಸರಿ ಅಥವಾ ಮಧ್ಯಾಂಕ 3. ಇವಿಷ್ಟೇ 14. ಸೂತ್ರ ಬಳಸಿ ವರ್ಗ ಸಮೀಕರಣ, ದೂರ ಸೂತ್ರ, ಸಮಾಂತರ ಶ್ರೇಢಿಯ ಎನ್‌ನೇ ಪದ, ತಲಾ 2ರಂತೆ 6. ಒಂದಂಕದ 16 ಪ್ರಶ್ನೆಗಳಲ್ಲಿ ಅರ್ಧ ಸರಿಯಾದರೆ 8. ಕೂಡಿದರೆ 28, ಅಂದರೆ 80ಕ್ಕೆ ಶೇ 35. ಕಲಿಯಬೇಕಾದ್ದು ಏಳು ಬಗೆಯ ಲೆಕ್ಕ. ದಿನಕ್ಕೊಂದು ಬಗೆ, ಒಂದೊಂದರಲ್ಲಿ ಐದು ಲೆಕ್ಕ, ನೋಡದೆ ಬರೆಯುವುದು. ಎರಡನೇ ವಾರ ಮತ್ತೆ ಅದೇ ಏಳು. ಮೂರನೇ ವಾರ ದಿನ ಬಿಟ್ಟು ದಿನ ಗಡಿಯಾರ ಇಟ್ಟು ಪೂರ್ತಿ ಪತ್ರಿಕೆ. ಪುಸ್ತಿಕೆಯ ದೋಷ ಒಂದೇ, ಎಲ್ಲರಿಗೂ ಒಂದೇ ಅಳತೆಯ ಅಂಗಿ. ಆ ಅಂಗಿಯನ್ನು ಮಗುವಿನ ಮೈಗೆ ಹೊಂದಿಸಲು ಸ್ಕ್ಯಾನ್ ಪ್ರತಿಯ 38 ಸಾಲಿನ ಪಟ್ಟಿ ಬೇಕು.

ಕನ್ನಡ, ಇಂಗ್ಲಿಷಿನಲ್ಲಿ ಹೋದವರ ಪ್ರತಿಯಲ್ಲಿ ಮೊದಲು ಪತ್ರ, ಪ್ರಬಂಧ, ಗಾದೆ ಇರುವ ಪುಟ ತೆರೆಯಿರಿ. ಖಾಲಿ ಇದ್ದರೆ ಜ್ಞಾನದ ಕೊರತೆಯಲ್ಲ, ಸಮಯ ಸಾಲಲಿಲ್ಲ ಅಂತ. ಮುಂದಿನ ಸಲ ಅವನ್ನೇ ಮೊದಲು ಬರೆಸಿ, ಪ್ರಶ್ನೆ ಸಂಖ್ಯೆ ಸರಿಯಾಗಿ ಹಾಕಿದರೆ ಕ್ರಮ ತಪ್ಪಿದರೂ ತೊಂದರೆಯಿಲ್ಲ. ಸಮಾಜ ವಿಜ್ಞಾನದಲ್ಲಿ ಮೊದಲು ನೋಡಬೇಕಾದ್ದು ಭಾರತದ ನಕ್ಷೆ, ವಿಜ್ಞಾನದಲ್ಲಿ ಚಿತ್ರಗಳು. ಭಾಗಗಳ ಹೆಸರು ಬರೆಯದ ಚಿತ್ರಕ್ಕೆ ಪೂರ್ತಿ ಅಂಕ ಸಿಗದು.

ಯಾವ ಪರೀಕ್ಷೆಯಲ್ಲೂ ಆಗದಿದ್ದರೆ? ವೆಲ್ಡರ್, ಪ್ಲಂಬರ್, ವೈರ್‌ಮನ್ ಐಟಿಐ ಟ್ರೇಡುಗಳಿಗೆ ಎಂಟನೇ ತರಗತಿ ಪಾಸಾಗಿದ್ದರೆ ಸಾಕು. ಮೊದಲೆರಡು ಒಂದು ವರ್ಷದ್ದು, ವೈರ್‌ಮನ್ ಎರಡು ವರ್ಷ. ರಾಷ್ಟ್ರೀಯ ಮುಕ್ತ ಶಾಲೆ ಎನ್‌ಐಒಎಸ್‌ನಲ್ಲಿ ಹತ್ತನೆಯದನ್ನು ಐದು ವಿಷಯಗಳಲ್ಲಿ ಮುಗಿಸಬಹುದು, ಐದು ವರ್ಷದಲ್ಲಿ ಒಂಬತ್ತು ಅವಕಾಶ. ತುಮಕೂರಿನ ವಸಂತನರಸಾಪುರದಲ್ಲೋ ಕೋಲಾರದ ನರಸಾಪುರದಲ್ಲೋ ಕಾರ್ಖಾನೆ ಗುತ್ತಿಗೆದಾರರ ಕೈಕೆಳಗೆ ಸೇರಿಬಿಡುವುದು ಸುಲಭ, ತಿಂಗಳಿಗೆ ಕೈಗೆ ಕಾಸೂ ಬರುತ್ತದೆ. ಆದರೆ ಅಲ್ಲಿ ಕಾಯಂ ಕೆಲಸದ ಅರ್ಜಿಯಲ್ಲಿ ಮತ್ತೆ ಕೇಳುವುದು ಇದೇ ಅಂಕಪಟ್ಟಿಯನ್ನು.

ಸ್ಕ್ಯಾನ್ ಪ್ರತಿ ಬಿಡಿಸುವ ಕೆಲಸವನ್ನು ಫಲಿತಾಂಶದ ರಾತ್ರಿ, ನೆಂಟರಿಷ್ಟರ ಮುಂದೆ ಮಾಡಲೇಬೇಡಿ. ಮಗು ಊಟ ಬಿಟ್ಟು ಬಾಗಿಲು ಹಾಕಿಕೊಂಡಿದ್ದರೆ ಮೊದಲು ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ: ದಿನದ 24 ಗಂಟೆ, ಪುಕ್ಕಟೆ, ಕನ್ನಡದಲ್ಲೇ ಮಾತಾಡಬಹುದು, ಹೆತ್ತವರೂ ಮಾಡಬಹುದು. ಮಕ್ಕಳ ಸಹಾಯವಾಣಿ 1098.

ನಮ್ಮ ಅಂಕ: ಸ್ಕ್ಯಾನ್ ಪ್ರತಿಗೆ ಐದಕ್ಕೆ ನಾಲ್ಕು, ಒಂದು ಕಳೆದದ್ದು ಕಿರಿದಾದ ಗಡುವಿಗೆ. ಮರುಎಣಿಕೆಗೆ ಮೂರು. ಪುರಾವೆ ಕೈಯಲ್ಲಿಲ್ಲದೆ ಹಾಕುವ ಮರುಮೌಲ್ಯಮಾಪನಕ್ಕೆ ಒಂದು, ಅದೂ ದಾಕ್ಷಿಣ್ಯಕ್ಕೆ.