ಓಟ ನಿಂತಾಗ ಸೋನಿಕ್: ಆರು ಕಾರ್ಟೂನ್‌ಗಳನ್ನು ಒಟ್ಟಿಗೆ ನೋಡಿದ ಮೇಲೆ

ಎಲ್ಲರಿಗಿಂತ ಜೋರಾಗಿ ಓಡುವವನು ಈಜುಕೊಳಕ್ಕೆ ಬಿದ್ದಿದ್ದಾನೆ. ಕೈಕಾಲು ಬಡಿಯುತ್ತಾನೆ, ಆಗುತ್ತಿಲ್ಲ, ಮುಳುಗುತ್ತಾನೆ. ಆ ಮನೆಯ ಹುಡುಗ ನೀರಿಗೆ ಹಾರಿ ಅವನನ್ನು ಮೇಲೆತ್ತುತ್ತಾನೆ. ಇದು 'ಸೋನಿಕ್ ಎಕ್ಸ್' ಕಾರ್ಟೂನ್‌ನ ಮೊದಲ ಕಂತು, ಬಿದ್ದವನು ಸೋನಿಕ್, ವಿಡಿಯೋ ಆಟದಿಂದ ಬಂದ ನೀಲಿ ಹೆಡ್ಜ್‌ಹಾಗ್, ಅಂದರೆ ಮೈಮೇಲೆ ಮುಳ್ಳಿರುವ ಪುಟ್ಟ ಪ್ರಾಣಿ. ಪಕ್ಕದಲ್ಲಿ ಕೂತಿದ್ದ ನನ್ನ ಅಕ್ಕನ ಮಗ, ಒಂಬತ್ತು ವರ್ಷದವನು, ಚುರುಮುರಿ ತಿನ್ನುವುದನ್ನು ನಿಲ್ಲಿಸಿ ಕೇಳಿದ: "ಮಾವ, ಇವನಿಗೆ ಈಜು ಬರಲ್ವಾ?"

ಬರಲ್ಲ. ಆಟದಲ್ಲೂ ಬರಲ್ಲ. 1991ರಲ್ಲಿ ಸೆಗಾ ಕಂಪನಿಯ ಮೆಗಾ ಡ್ರೈವ್ ಎಂಬ ಆಟದ ಯಂತ್ರಕ್ಕೆ ಬಂದ ಮೊದಲ ಸೋನಿಕ್ ಆಟದಲ್ಲೇ ನೀರು ತುಂಬಿದ ಒಂದು ಹಂತ ಇದೆ. ಅಲ್ಲಿ ಅವನ ವೇಗವೆಲ್ಲ ಇಳಿದುಹೋಗುತ್ತದೆ. ಉಸಿರಿಗೆ ಗಾಳಿಗುಳ್ಳೆ ಹುಡುಕಬೇಕು. ಸಿಗದಿದ್ದರೆ ತೆರೆಯ ಮೇಲೆ ಐದರಿಂದ ಕೆಳಕ್ಕೆ ಎಣಿಕೆ ಶುರು, ಜೊತೆಗೆ ಎದೆ ಬಡಿದುಕೊಳ್ಳುವಂಥ ಸಂಗೀತ. ನಾನು ಅದನ್ನು ಆಡಿದ್ದು ಬೇಸಿಗೆ ರಜೆಯಲ್ಲಿ, ಚಿಕ್ಕಮ್ಮನ ಮನೆಯಲ್ಲಿ. ಆ ಎಣಿಕೆಯ ಸದ್ದು ಈಗಲೂ ಕಿವಿಯಲ್ಲಿದೆ. ಓಡುವಾಗ ಸೋನಿಕ್ ಎಲ್ಲರಿಗೂ ಇಷ್ಟವಾಗುತ್ತಾನೆ. ನನಗೆ ಅವನು ಹತ್ತಿರವಾದದ್ದು ಓಡೋಕೆ ಆಗದೆ ಇದ್ದಾಗ.

ಈ ಸಲ ಎರಡು ತಿಂಗಳು, ಶನಿವಾರ ಭಾನುವಾರಗಳಲ್ಲಿ, ನಾವಿಬ್ಬರೂ ಸೋನಿಕ್‌ನ ಆರು ಟೀವಿ ಕಾರ್ಟೂನ್‌ಗಳನ್ನು ನೋಡಿದೆವು. ಕೆಲವನ್ನು ಪೂರ್ತಿ, ಕೆಲವನ್ನು ಆರಿಸಿಕೊಂಡು. ನಾನು ಒಂದೇ ವಿಷಯ ಗಮನಿಸುತ್ತಾ ಹೋದೆ. ಓಟ ನಿಂತ ಮೇಲೆ ಅಲ್ಲಿ ನೋಡೋಕೆ ಏನಾದರೂ ಉಳಿಯುತ್ತದಾ?

ಮೊದಲ ಎರಡು ಒಂದೇ ತಿಂಗಳಲ್ಲಿ ಹುಟ್ಟಿದವು, 1993ರ ಸೆಪ್ಟೆಂಬರ್‌ನಲ್ಲಿ, ಅಮೆರಿಕದಲ್ಲಿ. ಎರಡನ್ನೂ ಮಾಡಿದ್ದು ಡಿಕ್ ಎಂಬ ಒಂದೇ ಕಂಪನಿ. ಎರಡರಲ್ಲೂ ಸೋನಿಕ್‌ಗೆ ದನಿ ಕೊಟ್ಟದ್ದು ಜಲೀಲ್ ವೈಟ್ ಎಂಬ ಒಬ್ಬನೇ ನಟ. ಆದರೂ ಒಂದಕ್ಕೊಂದು ಸಂಬಂಧವೇ ಇಲ್ಲ. ಒಂದು ನಗಿಸೋಕೆ, ಇನ್ನೊಂದು ಯುದ್ಧದ ಕಥೆ. ಒಂದೇ ಪಾತ್ರವನ್ನು ಒಂದೇ ಸಮಯದಲ್ಲಿ ಇಷ್ಟು ಬೇರೆ ಬೇರೆಯಾಗಿ ಮಾಡಿದ್ದನ್ನು ನಾನು ಬೇರೆಲ್ಲೂ ನೋಡಿಲ್ಲ.

ನಗಿಸುವುದು 'ಅಡ್ವೆಂಚರ್ಸ್ ಆಫ್ ಸೋನಿಕ್ ದಿ ಹೆಡ್ಜ್‌ಹಾಗ್'. 65 ಕಂತು. ಖಳ ರೊಬಾಟ್ನಿಕ್ ಇಲ್ಲಿ ದೊಡ್ಡ ಹೊಟ್ಟೆ, ಸಣ್ಣ ಕಾಲು, ಉದ್ದ ಮೀಸೆಯ ಕಿರಿಚಾಟದ ಮನುಷ್ಯ. ಅವನ ದನಿ ಲಾಂಗ್ ಜಾನ್ ಬಾಲ್ಡ್ರಿ ಅವರದು. ಅವರು ಬ್ರಿಟನ್ನಿನ ಹೆಸರಾಂತ ಬ್ಲೂಸ್ ಗಾಯಕರು. ಒಂದೊಂದು ಪದವನ್ನೂ ಅವರು ಎಳೆದು, ಉರುಳಿಸಿ ಹೇಳುವುದನ್ನು ಕಣ್ಣು ಮುಚ್ಚಿ ಕೇಳಿದರೂ ಖುಷಿಯಾಗುತ್ತದೆ. ಕೋಳಿಯಂತಿರುವ ಸ್ಕ್ರ್ಯಾಚ್, ಮೂಗಿನ ಜಾಗದಲ್ಲಿ ಡ್ರಿಲ್ ಇರುವ ಗ್ರೌಂಡರ್, ಇವರಿಬ್ಬರು ಅವನ ರೋಬೋಟ್ ಚೇಲಾಗಳು. ಸೋನಿಕ್ ವೇಷ ಹಾಕಿಕೊಂಡು ಬರುತ್ತಾನೆ, ಇವರಿಬ್ಬರೂ ಮೋಸ ಹೋಗುತ್ತಾರೆ. ಹುಡುಗ ಹೊಟ್ಟೆ ಹಿಡಿದುಕೊಂಡು ನಕ್ಕ. ಆದರೆ ಮೂರನೇ ಕಂತಿಗೆ ಎದ್ದು ಹೋಗಿ ಸೈಕಲ್ ತೆಗೆದ. ಎಲ್ಲ ಕಂತೂ ಒಂದೇ ಥರ ಅಂತ ಅವನಿಗೆ ಗೊತ್ತಾಗಿಬಿಟ್ಟಿತ್ತು. ಇಲ್ಲಿ ಸೋನಿಕ್‌ಗೆ ಯಾವತ್ತೂ ನಿಜವಾದ ಕಷ್ಟ ಬರುವುದೇ ಇಲ್ಲ.

ಇದರಲ್ಲಿ ಒಂದು ಸಂಗತಿಯನ್ನು ಮಾತ್ರ ನಾನು ಮರೆಯಲಾರೆ. ಪ್ರತಿ ಕಂತಿನ ಕೊನೆಗೆ ಸೋನಿಕ್ ಮಕ್ಕಳಿಗೆ ಒಂದು ಬುದ್ಧಿಮಾತು ಹೇಳುತ್ತಾನೆ. ಬಹುಪಾಲು ಸಣ್ಣಪುಟ್ಟ ವಿಷಯಗಳು. ಒಂದರಲ್ಲಿ ಮಾತ್ರ, ಯಾರಾದರೂ ನಿನಗೆ ಇಷ್ಟವಿಲ್ಲದ ರೀತಿ ಮುಟ್ಟಿದರೆ ಅದು ತಪ್ಪು, ಬೇಡ ಅನ್ನು, ಅಲ್ಲಿಂದ ಹೊರಟುಬಿಡು, ನಂಬಿಕೆಯ ದೊಡ್ಡವರಿಗೆ ಹೇಳು ಅನ್ನುತ್ತಾನೆ. 1993ರಲ್ಲಿ! ನಮ್ಮ ಮನೆಗಳಲ್ಲಿ ಆ ಮಾತನ್ನು ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ. ನಾನು ಅಲ್ಲಿಗೆ ನಿಲ್ಲಿಸಿ ಹುಡುಗನ ಜೊತೆ ಹತ್ತು ನಿಮಿಷ ಮಾತಾಡಿದೆ. ಸೋನಿಕ್ ಮೊದಲೇ ಹೇಳಿದ್ದರಿಂದ ನನಗೆ ಶುರು ಮಾಡೋದು ಸುಲಭವಾಯಿತು.

ಇನ್ನೊಂದರ ಹೆಸರು ಬರೀ 'ಸೋನಿಕ್ ದಿ ಹೆಡ್ಜ್‌ಹಾಗ್'. ಎಬಿಸಿ ಚಾನೆಲ್‌ನಲ್ಲಿ ಶನಿವಾರ ಬೆಳಿಗ್ಗೆ ಬರುತ್ತಿದ್ದುದರಿಂದ ಅಭಿಮಾನಿಗಳು 'ಸ್ಯಾಟ್ ಎಎಂ' ಅಂತ ಕರೆಯುತ್ತಾರೆ. ಬರೀ 26 ಕಂತು. ಆರರಲ್ಲಿ ನನ್ನ ಮನಸ್ಸು ಗೆದ್ದದ್ದು ಇದೇ. ಯಾಕೆ ಅಂತ ಸ್ವಲ್ಪ ವಿವರವಾಗಿ ಹೇಳಬೇಕು.

ಇಲ್ಲಿ ಕಥೆ ಶುರುವಾಗುವ ಹೊತ್ತಿಗೆ ಖಳ ಆಗಲೇ ಗೆದ್ದುಬಿಟ್ಟಿದ್ದಾನೆ. ರಾಜಧಾನಿ ಈಗ ಹೊಗೆ ತುಂಬಿದ ರೊಬಾಟ್ರೊಪೊಲಿಸ್. ಸಿಕ್ಕಿಬಿದ್ದವರನ್ನು ಯಂತ್ರಕ್ಕೆ ಹಾಕಿ ರೋಬೋಟ್ ಮಾಡುತ್ತಾರೆ. ತಪ್ಪಿಸಿಕೊಂಡ ಒಂದಷ್ಟು ಎಳೆಯರು ಕಾಡಿನೊಳಗೆ ನಾಟ್‌ಹೋಲ್ ಎಂಬ ಹಳ್ಳಿಯಲ್ಲಿ ಅಡಗಿ ಹೋರಾಡುತ್ತಾರೆ. ರಾಜಕುಮಾರಿ ಸ್ಯಾಲಿ ಅವರ ನಾಯಕಿ, ಯೋಜನೆ ಅವಳದು. ಬನ್ನಿ ಎಂಬ ಮೊಲದ ಎರಡೂ ಕಾಲು, ಎಡಗೈ ಲೋಹದ್ದು. ಅವಳನ್ನು ಯಂತ್ರದಿಂದ ಅರ್ಧಕ್ಕೆ ಎಳೆದು ಉಳಿಸಿಕೊಂಡಿದ್ದಾರೆ. ರೊಬಾಟ್ನಿಕ್‌ಗೆ ಇಲ್ಲಿ ದನಿ ಜಿಮ್ ಕಮಿಂಗ್ಸ್ ಅವರದು. ಅವನು ಹೆಚ್ಚು ಕಿರುಚುವುದಿಲ್ಲ, ತಗ್ಗಿದ ದನಿಯಲ್ಲಿ ಗುರುಗುಟ್ಟುತ್ತಾನೆ. ಅದಕ್ಕೇ ಜಾಸ್ತಿ ಭಯವಾಗುತ್ತದೆ.

ಇನ್ನು ಅಂಕಲ್ ಚಕ್. ಸೋನಿಕ್‌ನನ್ನು ಸಾಕಿದವನು. ರೋಬೋಟ್ ಮಾಡುವ ಆ ಯಂತ್ರವನ್ನು ಕಂಡುಹಿಡಿದವನೂ ಅವನೇ. ಒಳ್ಳೆಯದಕ್ಕೆಂದು ಮಾಡಿದ್ದನ್ನು ರೊಬಾಟ್ನಿಕ್ ಕಸಿದುಕೊಂಡ, ಅವನನ್ನೇ ಅದರೊಳಗೆ ಹಾಕಿದ. "ಅಂಕಲ್ ಅಂದ್ರೆ ಚಿಕ್ಕಪ್ಪನಾ, ಮಾವನಾ?" ಅಂತ ಹುಡುಗ ಕೇಳಿದ. ಇಂಗ್ಲಿಷಿನಲ್ಲಿ ಅದು ಗೊತ್ತಾಗಲ್ಲ ಅಂದೆ. ಸ್ವಲ್ಪ ಹೊತ್ತು ಯೋಚಿಸಿ, "ಮಾವನೇ ಇರಬೇಕು" ಅಂತ ಅವನೇ ತೀರ್ಮಾನ ಮಾಡಿ ನನ್ನ ಹತ್ತಿರ ಸರಿದು ಕೂತ.

ಮೊದಲ ಸೀಸನ್‌ನ ಒಂದು ಕಂತಿನಲ್ಲಿ ಸೋನಿಕ್ ಪವರ್ ರಿಂಗ್ ಎಂಬ ತನ್ನ ಉಂಗುರದ ಶಕ್ತಿಯಿಂದ ಚಕ್‌ಗೆ ನೆನಪು ಮರಳಿಸುತ್ತಾನೆ. ಕೆಂಪು ಕಣ್ಣು ಹೋಗಿ ಹಳೆಯ ಕಣ್ಣು ಬರುತ್ತದೆ. ಮೈ ಲೋಹದ್ದೇ, ಆದರೆ ದನಿ ಅವನದೇ. ಸ್ವಲ್ಪ ಹೊತ್ತಿಗೆ ಶಕ್ತಿ ಮುಗಿದು ಚಕ್ ಮತ್ತೆ ರೋಬೋಟ್ ಆಗುತ್ತಾನೆ. ಎದುರಿಗೆ ನಿಂತವನನ್ನು ಅವನು ಗುರುತಿಸುವುದೇ ಇಲ್ಲ. ಎಷ್ಟು ಜೋರಾಗಿ ಓಡಿದರೂ ಸೋನಿಕ್ ಇದನ್ನು ತಡೆಯಲಾರ. ಮಕ್ಕಳ ಕಾರ್ಟೂನ್ ಇಷ್ಟು ಧೈರ್ಯ ಮಾಡಿದ್ದನ್ನು ನೋಡಿ ನನ್ನ ಗಂಟಲು ಕಟ್ಟಿತು. ಎರಡನೇ ಸೀಸನ್‌ನಲ್ಲಿ ಚಕ್‌ಗೆ ಬುದ್ಧಿ ಪೂರ್ತಿ ಮರಳುತ್ತದೆ, ಆದರೆ ಅವನು ಮನೆಗೆ ಬರುವುದಿಲ್ಲ. ರೋಬೋಟ್ ಮೈಯಲ್ಲೇ ಶತ್ರುವಿನ ಊರಿನಲ್ಲಿ ಗೂಢಚಾರನಾಗಿ ಉಳಿಯುತ್ತಾನೆ.

ಇನ್ನೊಂದು ಎರಡು ಭಾಗದ ಕಥೆ ಇದೆ. ಸೋನಿಕ್ ಮತ್ತು ಸ್ಯಾಲಿ ಕಾಲದಲ್ಲಿ ಹಿಂದಕ್ಕೆ ಹೋಗುತ್ತಾರೆ, ರೊಬಾಟ್ನಿಕ್ ಅಧಿಕಾರ ಕಿತ್ತುಕೊಳ್ಳುವುದನ್ನು ತಡೆಯೋಕೆ. ಆಗುವುದಿಲ್ಲ. ಆದರೆ ಪುಟಾಣಿ ಸೋನಿಕ್, ಪುಟಾಣಿ ಸ್ಯಾಲಿ ಮತ್ತು ಉಳಿದ ಮಕ್ಕಳನ್ನು ಸುರಕ್ಷಿತವಾಗಿ ಕಾಡಿಗೆ ಸೇರಿಸುತ್ತಾರೆ. ತಮ್ಮನ್ನು ಉಳಿಸಿದವರು ತಾವೇ! ಹುಡುಗ ಇದನ್ನು ಎರಡು ಸಲ ಹಾಕಿಸಿ ನೋಡಿದ.

ಕೊರತೆ ಇಲ್ಲ ಅಂತಲ್ಲ. ಚಿತ್ರಗಳು ಕೆಲವು ಕಡೆ ಒರಟು. ಆಂಟ್ವಾನ್ ಎಂಬ ಪಾತ್ರದ ಫ್ರೆಂಚ್ ಉಚ್ಚಾರಣೆಯ ತಮಾಷೆ ಅತಿಯಾಯಿತು. ಎರಡನೇ ಸೀಸನ್‌ನಲ್ಲಿ ನಗೆ ಜಾಸ್ತಿ ಮಾಡಿ ಭಯ ಕಡಿಮೆ ಮಾಡಿದರು. ದೊಡ್ಡ ನಷ್ಟ ಅಂದರೆ, 1994ರ ಡಿಸೆಂಬರ್‌ನಲ್ಲಿ ಇದು ನಿಂತೇಹೋಯಿತು. ಕೊನೆಯ ಕಂತಿನಲ್ಲಿ ಸೋನಿಕ್, ಸ್ಯಾಲಿ ಇಬ್ಬರೂ ಸೇರಿ ರೊಬಾಟ್ನಿಕ್‌ನ ದೊಡ್ಡ ಯಂತ್ರವನ್ನು ಹೊಡೆದುಹಾಕುತ್ತಾರೆ. ಆಮೇಲೆ ಅವನ ಸಂಬಂಧಿ ಸ್ನೈವ್ಲಿ ಇನ್ನು ನಂದೇ ರಾಜ್ಯ ಅನ್ನುತ್ತಾನೆ, ಹಿಂದೆ ಕತ್ತಲಲ್ಲಿ ಎರಡು ಕೆಂಪು ಕಣ್ಣು ಕಾಣುತ್ತವೆ. ಅಷ್ಟೇ. "ಮುಂದೆ?" ಅಂದ ಹುಡುಗ. ಮುಂದೆ ಇಲ್ಲ ಕಣೋ ಅಂದಾಗ ಅವನ ಮುಖ ನೋಡೋಕೆ ಆಗಲಿಲ್ಲ.

1999ರ 'ಸೋನಿಕ್ ಅಂಡರ್‌ಗ್ರೌಂಡ್' ಬಗ್ಗೆ ಜಾಸ್ತಿ ಹೇಳುವುದಿಲ್ಲ. ಸೋನಿಕ್‌ಗೆ ತ್ರಿವಳಿ ಒಡಹುಟ್ಟಿದವರು, ಸೋನಿಯಾ ಮತ್ತು ಮ್ಯಾನಿಕ್. ಕಳೆದುಹೋದ ರಾಣಿ ತಾಯಿಯನ್ನು ಹುಡುಕುತ್ತಾರೆ. ಕಂತಿಗೊಂದು ಹಾಡು. ಮೂವರ ಮಾತಿಗೂ ಜಲೀಲ್ ವೈಟ್ ಅವರೇ ದನಿ ಕೊಟ್ಟಿದ್ದಾರೆ ಅನ್ನುವುದು ದೊಡ್ಡ ಸಾಹಸ. ಆದರೆ ಹಾಡು ಬಂದಾಗಲೆಲ್ಲ ಕಥೆ ನಿಲ್ಲುತ್ತದೆ. 40 ಕಂತು ಮುಗಿದರೂ ತಾಯಿಯ ಜೊತೆ ಸೇರಿ ಗೆಲ್ಲುವ ಕೊನೆ ಬರಲೇ ಇಲ್ಲ. ನಾಲ್ಕು ಕಂತಿಗೆ ನಾವಿಬ್ಬರೂ ಬಿಟ್ಟೆವು.

ಈಗ ಈಜುಕೊಳಕ್ಕೆ ವಾಪಸ್ಸು ಬರೋಣ. 'ಸೋನಿಕ್ ಎಕ್ಸ್' ಜಪಾನಿನದು, ಟಿಎಂಎಸ್ ಸ್ಟುಡಿಯೋ ಮಾಡಿದ್ದು, 2003ರಲ್ಲಿ ಟೀವಿ ಟೋಕಿಯೋದಲ್ಲಿ ಶುರುವಾಯಿತು. ಒಟ್ಟು 78 ಕಂತು. ಅಲ್ಲಿ ಆಗ ಬಂದದ್ದು 52 ಮಾತ್ರ. ಉಳಿದ 26 ಹೊರದೇಶಗಳ ಟೀವಿಯಲ್ಲಿ ಬಂದವು. ಅಮೆರಿಕದ ಇಂಗ್ಲಿಷ್ ಡಬ್ಬಿಂಗ್‌ನಲ್ಲಿ ಸಂಗೀತ ಬದಲಿಸಿದ್ದಾರೆ, ದೃಶ್ಯಗಳಿಗೂ ಕತ್ತರಿ ಹಾಕಿದ್ದಾರೆ. ನಾನು ಒಂದೇ ಕಂತನ್ನು ಎರಡೂ ರೀತಿ ನೋಡಿದೆ. ಜಪಾನಿ ಭಾಷೆಯಲ್ಲಿ ಮೌನ ಇರುವ ಕಡೆ ಇಂಗ್ಲಿಷಿನಲ್ಲಿ ಸದ್ದು ತುಂಬಿದೆ. ಓದಬಲ್ಲ ಮಕ್ಕಳಿದ್ದರೆ ಜಪಾನಿ ಭಾಷೆಯಲ್ಲೇ, ಕೆಳಗೆ ಅಕ್ಷರ ಹಾಕಿಕೊಂಡು ನೋಡಿ.

ಇದರ ಬಗ್ಗೆ ನನ್ನ ಹಳೆಯ ದೂರು ಒಂದಿತ್ತು. ಸೋನಿಕ್ ಕಥೆಯಲ್ಲಿ ಕ್ರಿಸ್ ಎಂಬ ಮನುಷ್ಯರ ಹುಡುಗ ಯಾಕೆ ಬೇಕು? ತುಂಬಾ ಅಭಿಮಾನಿಗಳ ದೂರೂ ಇದೇ. ಕ್ರಿಸ್ ಶ್ರೀಮಂತರ ಮನೆ ಹುಡುಗ. ಅಮ್ಮ ಸಿನಿಮಾ ನಟಿ, ಅಪ್ಪ ಕಂಪನಿ ನಡೆಸುವವರು, ಇಬ್ಬರೂ ಮನೆಯಲ್ಲಿ ಸಿಗುವುದೇ ಕಡಿಮೆ. ನಮ್ಮ ಅಕ್ಕ ಭಾವ ಇಬ್ಬರೂ ಕೆಲಸಕ್ಕೆ ಹೋಗುವವರು, ರಾತ್ರಿ ಎಂಟಕ್ಕೆ ಮನೆ ಸೇರುತ್ತಾರೆ. ಕ್ರಿಸ್ ದೊಡ್ಡ ಮನೆಯಲ್ಲಿ ಅಪ್ಪ ಅಮ್ಮ ಇಲ್ಲದೆ ಇರುವುದನ್ನು ಹುಡುಗ ಕಣ್ಣು ಮಿಟುಕಿಸದೆ ನೋಡಿದ. "ಇವನಿಗೆ ಸೋನಿಕ್ ಸಿಕ್ಕಿದ್ದು ಒಳ್ಳೇದಾಯ್ತು" ಅಂದ. ಅವತ್ತಿಗೆ ನನ್ನ ದೂರು ಹೋಯಿತು. ಆಟಗಳ ಕಥೆಯನ್ನೇ ತಂದಿರುವ ಕಂತುಗಳು, ಅದರಲ್ಲೂ ಸೋನಿಕ್‌ನಂತೆಯೇ ಕಾಣುವ ಕಪ್ಪು ಹೆಡ್ಜ್‌ಹಾಗ್ ಶ್ಯಾಡೋ ಬರುವ ಭಾಗ, ಚೆನ್ನಾಗಿವೆ. ಕೊನೆಯ 26ರಲ್ಲಿ ಕಾಸ್ಮೋ ಎಂಬ ಹುಡುಗಿ ಬರುತ್ತಾಳೆ. ಎಲ್ಲರನ್ನೂ ಉಳಿಸೋಕೆ ಅವಳು ತನ್ನ ಪ್ರಾಣ ಕೊಡುತ್ತಾಳೆ, ಸೋನಿಕ್‌ನ ಗೆಳೆಯ, ಎರಡು ಬಾಲದ ನರಿ ಟೇಲ್ಸ್ ಕೈಯಲ್ಲಿ ಒಂದು ಬೀಜ ಉಳಿಯುತ್ತದೆ. ತೀರಾ ಚಿಕ್ಕ ಮಕ್ಕಳ ಜೊತೆ ನೀವೂ ಕೂತು ನೋಡಿ.

2014ರ 'ಸೋನಿಕ್ ಬೂಮ್' ಸುಸ್ತಾದ ಸಂಜೆಗೆ. ಕಂಪ್ಯೂಟರ್ ಚಿತ್ರ, ಹನ್ನೊಂದು ನಿಮಿಷದ ಕಂತು, ಒಟ್ಟು 104. ಖಳ ಎಗ್‌ಮ್ಯಾನ್ (ರೊಬಾಟ್ನಿಕ್‌ನದೇ ಇನ್ನೊಂದು ಹೆಸರು) ಇಲ್ಲಿ ಒಂಥರಾ ಪಕ್ಕದ ಮನೆಯವನು. ತನ್ನ ಮನೆ ಹಾಳಾಗಿದೆ ಅಂತ ಸೋನಿಕ್ ಬಳಗದವರ ಮನೆಗೇ ಉಳಿಯೋಕೆ ಬಂದುಬಿಡುತ್ತಾನೆ! ಮೈಕ್ ಪೊಲಾಕ್ ಅವರ ದನಿ. 'ಸೋನಿಕ್ ಎಕ್ಸ್'ನ ಇಂಗ್ಲಿಷ್ ಡಬ್ಬಿಂಗ್‌ನಲ್ಲೂ ಎಗ್‌ಮ್ಯಾನ್ ಇವರೇ. ಇಲ್ಲಿ ಓಟ ಕಡಿಮೆ, ಮಾತು ಜಾಸ್ತಿ. 1993ರ ನಗೆಯ ಸೋನಿಕ್‌ಗಿಂತ ಇದು ಎಷ್ಟೋ ಮೇಲು, ಯಾಕಂದರೆ ನಗು ಪಾತ್ರಗಳ ಸ್ವಭಾವದಿಂದ ಬರುತ್ತದೆ. ಸೋನಿಕ್‌ನ ಗೆಳೆಯ ನಕಲ್ಸ್‌ನನ್ನು ತೀರಾ ಪೆದ್ದ ಮಾಡಿದ್ದು ಮಾತ್ರ ನನಗೆ ಒಪ್ಪಿಗೆಯಿಲ್ಲ. ಆಟದಲ್ಲಿ ಅವನು ಒಂಟಿಯಾಗಿ ಪಚ್ಚೆ ಕಾಯುವ ಗಂಭೀರ ಕಾವಲುಗಾರ.

ಕೊನೆಯದು ನೆಟ್‌ಫ್ಲಿಕ್ಸ್‌ನ 'ಸೋನಿಕ್ ಪ್ರೈಮ್'. 2022ರ ಡಿಸೆಂಬರ್‌ನಿಂದ 2024ರ ಜನವರಿವರೆಗೆ ಮೂರು ಸೀಸನ್, 23 ಕಂತು. ಸ್ಯಾಟ್ ಎಎಂ ಬಿಟ್ಟರೆ ನನಗೆ ಇದೇ. ಗೆಳೆಯರು ಹೇಳಿದ್ದನ್ನು ಕೇಳದೆ ಸೋನಿಕ್ ನುಗ್ಗಿ ಒಂದು ಹರಳನ್ನು ಒಡೆಯುತ್ತಾನೆ, ಅವನ ಲೋಕವೇ ಚೂರುಚೂರಾಗುತ್ತದೆ. ತಪ್ಪು ಅವನದೇ, ಅವನ ವೇಗದ್ದೇ. ಒಡೆದ ಒಂದೊಂದು ಲೋಕದಲ್ಲೂ ಗೆಳೆಯರ ಮುಖ ಅದೇ, ಆದರೆ ಇವನ ಪರಿಚಯವೇ ಇಲ್ಲ. ಒಂದು ಲೋಕದಲ್ಲಿ ಟೇಲ್ಸ್ ಇಲ್ಲ, ಅವನಂತೆಯೇ ಇರುವ ನೈನ್ ಇದ್ದಾನೆ. ಚಿಕ್ಕವನಿದ್ದಾಗ ಎಲ್ಲರೂ ಗೋಳುಹೊಯ್ದುಕೊಂಡರು, ಕಾಪಾಡೋಕೆ ಸೋನಿಕ್ ಇರಲಿಲ್ಲ. ಎರಡು ಬಾಲದ ಜೊತೆ ಏಳು ಲೋಹದ ಬಾಲ ತಾನೇ ಮಾಡಿಕೊಂಡ. ಯಾರನ್ನೂ ನಂಬುವುದಿಲ್ಲ. ಕೊನೆಗೆ ಇವನೇ ಸೋನಿಕ್‌ಗೆ ಎದುರು ನಿಲ್ಲುತ್ತಾನೆ. ಇವನನ್ನು ಹೊಡೆದು ಗೆದ್ದರೆ ಏನೂ ಸಿಗುವುದಿಲ್ಲ, ಮನಸ್ಸು ಗೆಲ್ಲಬೇಕು. ನಡುವೆ ಹೊಡೆದಾಟ ಎಳೆದಿದ್ದಾರೆ, ಐದು ಎಗ್‌ಮ್ಯಾನ್‌ಗಳ ಗಲಾಟೆ ಅತಿಯಾಯಿತು. ಆದರೆ ನೈನ್ ಬಂದಾಗಲೆಲ್ಲ ನಾವಿಬ್ಬರೂ ಮುಂದಕ್ಕೆ ಬಾಗಿ ಕೂರುತ್ತಿದ್ದೆವು.

ಐದು ಆರು ವರ್ಷದ ಮಕ್ಕಳಿದ್ದರೆ 'ಬೂಮ್'ನಿಂದ ಶುರು ಮಾಡಿ. ಎಂಟು ದಾಟಿದವರಿಗೆ 'ಪ್ರೈಮ್'. ಸ್ಯಾಟ್ ಎಎಂ ಹಾಕುವ ಮೊದಲು, ಇದಕ್ಕೆ ಕೊನೆಯಿಲ್ಲ ಅಂತ ಮಕ್ಕಳಿಗೆ ಹೇಳಿಬಿಡಿ. ನಾನು ಹೇಳಿರಲಿಲ್ಲ, ಅದೊಂದು ನನಗೆ ಇನ್ನೂ ಚುಚ್ಚುತ್ತದೆ.

ನಮ್ಮ ಹುಡುಗನ ಮೊದಲ ಸ್ಥಾನ 'ಪ್ರೈಮ್'ಗೆ. ಅವನ ಮನೆಯ ಫ್ರಿಜ್ ಮೇಲೆ ಈಗ ಒಂದು ಚಿತ್ರ ಅಂಟಿಸಿದ್ದಾನೆ. ಒಂಬತ್ತು ಬಾಲದ ನರಿ, ಎರಡಕ್ಕೆ ಹಳದಿ ಬಣ್ಣ, ಏಳಕ್ಕೆ ಪೆನ್ಸಿಲ್ ಒತ್ತಿ ಒತ್ತಿ ಬೂದು ಬಣ್ಣ. ಪಕ್ಕದಲ್ಲಿ ನೀಲಿ ಸೋನಿಕ್. ಓಡುತ್ತಿಲ್ಲ, ನರಿಯ ಪಕ್ಕ ಸುಮ್ನೆ ಕೂತಿದ್ದಾನೆ.